ಅಳತೆ ಪುಸ್ತಕ

ಕುದೂರು ಬಸ್ ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುತ್ತಿದ್ದ ಆಕೆಯ ಕೊರಳಲ್ಲಿ ತಾಳಿಗಿಂತ ಮೊದಲು ಟೇಪು ಕಾಣುತ್ತಿತ್ತು. ನಾವು ಏನು ಹೇಳಹೊರಟರೂ "ಬರ್ಕಂಡಿವ್ನಿ ಬುಡಿ ಅಕ್ಕ" ಎನ್ನುವಳು. ಆಕೆಯ ಪುಸ್ತಕದಲ್ಲಿ ನಮ್ಮೆಲ್ಲರ ಹೆಸರು, ಫೋನ್ ನಂಬರು, ಮೈಯಳತೆ ಪೆನ್ಸಿಲಿನಲ್ಲಿ ಇರುತ್ತಿದ್ದವು. ಪುಸ್ತಕ ಕಳೆದೀತೆಂದು ಪುಟಗಳ ಫೋಟೊ ಮೊಬೈಲಿನಲ್ಲೂ ಇಟ್ಟಿದ್ದಳು.

ಜನರ ಮಾಹಿತಿ ಇಟ್ಟುಕೊಳ್ಳುವವರಿಗೆ ಹೊಸ ಕಾನೂನು ಬಂದಿದೆ, ತಪ್ಪಿದರೆ ಕೋಟಿಗಟ್ಟಲೆ ದಂಡ ಎಂದು ಟಿವಿಯಲ್ಲಿ ಕೇಳಿದ ಮೇಲೆ ಆಕೆಯ ಮಿಷನ್ ನಿಂತು ನಿಂತು ಓಡತೊಡಗಿತು. ಮಾಗಡಿಯ ವಕೀಲರು "ಅದು ದೊಡ್ಡ ಕಂಪ್ನಿಗಳಿಗೆ ಕಣಮ್ಮ" ಎಂದರು. ಸೈಬರ್ ಅಂಗಡಿಯವನು "ನಿಮ್ ಮೊಬೈಲಿಗೂ ಐತೆ ಕಣಕ್ಕ" ಎಂದ.

ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಫೋಟೊಗಳನ್ನು ಅಳಿಸಿ, ಪ್ರತಿ ಹಾಳೆಯಿಂದಲೂ ಹೆಸರು, ನಂಬರನ್ನು ಕತ್ತರಿಸಿ ತೆಗೆದಿದ್ದಳು. ಆದರೂ ನನ್ನ ಹಾಳೆ ತಕ್ಷಣ ಸಿಕ್ಕಿತು. 'ಎಡಗಡೆ ಒಳಗೆ ಹತ್ತಿ' ಎಂದಿತ್ತು. ಆಪರೇಷನ್ನಿನಲ್ಲಿ ನನ್ನ ಎಡ ಎದೆ ತೆಗೆದದ್ದು ಊರಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು.

ಆಕೆ ಆ ಸಾಲಿನ ಮೇಲೆ ಅಂಗೈ ಮುಚ್ಚಿದಳು. "ಹೆಸ್ರು ಕತ್ತರಿಸುದ್ರೂ ನೀವೇ ಅಂತ ಗೊತ್ತಾಯ್ತದಲ್ಲಕ್ಕ. ಇದೂ ತಪ್ಪಾಯ್ತದಾ?"

ಅದನ್ನೂ ಅಳಿಸಿಬಿಡು ಎಂದೆ. ಹಾಳೆ ತೂತಾಗುವ ತನಕ ರಬ್ಬರಿನಿಂದ ಉಜ್ಜಿದಳು.

ಗೌರಿ ಹಬ್ಬದ ರವಿಕೆಗೆ ಹೋದಾಗ ಬೆಂಚಿನ ಮೇಲೆ ನಾಲ್ಕು ಹೆಂಗಸರಿದ್ದರು. ಆಕೆ ತೂತಾದ ಹಾಳೆಯನ್ನು ಬಹಳ ಹೊತ್ತು ನೋಡಿ, ಎದ್ದು ನನ್ನ ಹತ್ತಿರ ಬಂದಳು. ಮೆಲ್ಲಗೇ ಕೇಳಿದಳು, ಆದರೆ ಮಿಷನ್ ನಿಂತಿತ್ತಲ್ಲ, ಎಲ್ಲರಿಗೂ ಕೇಳಿಸಿತು.

"ಅಕ್ಕಾ, ಹತ್ತಿ ಯಾವ ಕಡೀಕೆ?"