ಉಲ್ಟಾ ಓದಲು ಕಲಿಸಿದವರು

ಅವರ ಉಗುರುಗಳ ಸಂದಿನಲ್ಲಿ ಕಪ್ಪು ಶಾಯಿ ಸದಾ ಕೂತಿರುತ್ತಿತ್ತು. ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಮಲಯಾಳ ನಾಡಿನ ಬತ್ತೇರಿಯ ಶಾಲೆಯಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು, ಅಲ್ಲಿನವರ ಬಾಯಲ್ಲಿ 'ಮಾಷ್'; ನಾನು ಹೊಲಿಗೆ ಟೀಚರ್. ನಮ್ಮ ಮನೆಯ ಹಿಂದೆ, ಮೊದಲು ಭತ್ತ ತುಂಬುತ್ತಿದ್ದ ಕೋಣೆಯಲ್ಲಿ ಬಾಡಿಗೆಗಿದ್ದರು. ಮರದ ಹಲಗೆ ಕೆತ್ತಿ, ಶಾಯಿ ಬಳಿದು, ಕಾಗದದ ಮೇಲೆ ಚಿತ್ರದ ಅಚ್ಚು ತೆಗೆಯುವುದನ್ನು ದೂರದ ನಗರದಲ್ಲಿ ಕಲಿತು ಬಂದಿದ್ದರು. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ನಕ್ಸಲರಿಗಾಗಿ ಪೊಲೀಸರು ಕಾಡೆಲ್ಲ ಜಾಲಾಡುತ್ತಿದ್ದ ಕಾಲ ಅದು. ಭೂಮಿ ಉಳುವವನಿಗೇ ಸೇರಬೇಕೆಂಬ ಕರಪತ್ರಗಳು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕಾಣಿಸುತ್ತಿದ್ದವು. ನಮಗೂ ಗದ್ದೆಗಳಿದ್ದವು. ನೂಲ್ಪುಳದ ಕಾಡಿನ ಹೆಂಗಸರು ಬಂದು ಮಾಷ್ ಕೋಣೆಯಲ್ಲಿ ಗಂಟೆಗಟ್ಟಲೆ ಕೂರುವುದನ್ನು ಕಂಡು ನನಗೆ ಅನುಮಾನ ಶುರುವಾಯಿತು.

"ಅವರ ಹತ್ರ ಅಷ್ಟೊತ್ತು ಏನ್ ಮಾತಾಡ್ತೀರಿ ಮಾಷೇ?"

"ಮಾತಿಲ್ಲ ಟೀಚರೇ. ಅವರು ಕೂತ್ಕೊಳ್ತಾರೆ, ನಾನು ನೋಡ್ತೀನಿ."

ಆ ಉತ್ತರದಿಂದ ಅನುಮಾನ ಇನ್ನಷ್ಟು ಬಲಿಯಿತು. ಒಂದು ಮಧ್ಯಾಹ್ನ ಅವರಿಲ್ಲದಾಗ ಒಳಗೆ ಹೋದೆ. ಕಿಟಕಿಯ ಬಳಿ ಒಂದು ಹಲಗೆ. ಅದರ ತುದಿಯಲ್ಲಿ ಓದಲಾಗದ ಅಕ್ಷರಗಳು. ಗುಪ್ತ ಬರಹವೇ ಎಂದುಕೊಂಡೆ. ಮೇಲಿದ್ದ ಚಿತ್ರದ ಕಡೆ ನನ್ನ ಕಣ್ಣೇ ಹೋಗಲಿಲ್ಲ. ಆ ವಾರ ವಿಚಾರಣೆಗೆ ಬಂದ ಪೊಲೀಸರಿಗೆ ಹೇಳಿಬಿಟ್ಟೆ.

ಹಲಗೆಯ ಸಮೇತ ಅವರನ್ನು ಎಳೆದೊಯ್ದರು. ಕೊನೆಗೆ ಯಾರೋ ಹಲಗೆಗೆ ಶಾಯಿ ಬಳಿದು ಕಾಗದ ಒತ್ತಿ ನೋಡಿದರಂತೆ. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸು, ಕೆಳಗೆ ಮಲಯಾಳದಲ್ಲಿ ಆಕೆಯ ಹೆಸರು. ಅಚ್ಚಿನಲ್ಲಿ ನೇರ ಬೀಳಲೆಂದು ಅಕ್ಷರಗಳನ್ನು ಉಲ್ಟಾ ಕೆತ್ತಿದ್ದರು, ಅಷ್ಟೇ. ಅಷ್ಟರೊಳಗೆ ಅವರ ಬಲಗೈ ಬೆರಳುಗಳನ್ನು ಜಜ್ಜಿಯಾಗಿತ್ತು.

ತಿಂಗಳ ಮೇಲೆ ಮರಳಿದರು. ಗಂಜಿ ಹಿಡಿದು ಹೋದವಳು ಬಾಗಿಲಲ್ಲೇ ಅತ್ತುಬಿಟ್ಟೆ. "ಹೇಳಿದ್ದು ನಾನೇ ಮಾಷೇ."

"ಗೊತ್ತು," ಎಂದರು. ಎಡಗೈಯಿಂದ ಉಳಿಯನ್ನು ನನ್ನತ್ತ ಸರಿಸಿದರು. "ನನ್ ಕೈಲಿ ಇನ್ನು ಇದು ನಿಲ್ಲಲ್ಲ. ನೀವು ಹಿಡೀರಿ. ಮೊದಲು ಉಲ್ಟಾ ಓದೋದು ಕಲೀರಿ."

ಅಂದಿನಿಂದ ಅವರು ಎಡಗೈಯಲ್ಲಿ ಗೀಚಿದ್ದನ್ನೆಲ್ಲ ನಾನು ಕೆತ್ತಿದೆ. ಒಂದು ಗೆರೆ ತಪ್ಪಿದರೂ ಹಲಗೆಯನ್ನು ಒಲೆಗೆ ಹಾಕಿಸುತ್ತಿದ್ದರು. "ಬೆಳಕು ಬೇಕಾದ ಕಡೆ ಮರ ತೆಗೀಬೇಕು ಟೀಚರೇ, ಅಲ್ಲಿ ಶಾಯಿ ಹತ್ತಲ್ಲ," ಎನ್ನುತ್ತಿದ್ದರು; ಮಕ್ಕಳಿಗೂ ಅದೇ ಪಾಠ. ಅವರ ಚಿತ್ರಗಳು ನಗರಗಳಲ್ಲಿ ಪ್ರದರ್ಶನಗೊಂಡಾಗ ಪ್ರತಿ ಅಚ್ಚಿನ ಕೆಳಗೂ, ಕೆತ್ತಿದವಳೆಂದು, ನನ್ನ ಹೆಸರು ಬರೆಸಿದರು. ಬೇಡವೆಂದು ಕೈಮುಗಿದರೂ ಕೇಳಲಿಲ್ಲ. ಮೆಚ್ಚಿ ಬರೆಸಿದರೋ, ಮಾಡಿದ್ದನ್ನು ನಾನು ಮರೆಯದಿರಲೆಂದೋ, ನನಗೆ ತಿಳಿಯಲಿಲ್ಲ.

ಅವರು ಆಸ್ಪತ್ರೆಗೆ ಸೇರುವ ಮುನ್ನ ಗೀಚಿಕೊಟ್ಟ ಕೊನೆಯ ಚಿತ್ರ ಇನ್ನೂ ನನ್ನ ಹಲಗೆಯ ಮೇಲೆ ಅರ್ಧ ಕೆತ್ತಿದಂತೆಯೇ ಇತ್ತು. ಅವರ ಕೊನೆಯ ದಿನಗಳಲ್ಲಿ ಕೇಳಿಯೇಬಿಟ್ಟೆ. "ಮಾಷೇ, ನನ್ನ ಕ್ಷಮಿಸಿದ್ರಾ?"

"ಆ ಹಲಗೆ ಮುಗೀತಾ?" ಎಂದರು.

ಮುಗಿದಿರಲಿಲ್ಲ. ಅವರನ್ನು ಅವರ ಊರು ಮರಕ್ಕಡವಿನಲ್ಲಿ ಮಣ್ಣು ಮಾಡಿ ಬಂದ ಮರುದಿನ ಕೂತು ಮುಗಿಸಿದೆ. ಗೆರೆ ತಪ್ಪಿದೆಯೋ ಇಲ್ಲವೋ ಹೇಳಲು ಈಗ ಅವರಿಲ್ಲ; ಅಚ್ಚು ತೆಗೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.