ಮೂವರ ತೀರ್ಪು

ಆ ಮಾತು ನಡೆದದ್ದು ಸಾಗರದ ಬಸ್ ನಿಲ್ದಾಣದಲ್ಲೋ ಕಾಲೇಜಿನ ಜಗಲಿಯಲ್ಲೋ, ನನಗೀಗ ಖಾತ್ರಿಯಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದೆನೆಂದು ಮೂವರು ಅಧ್ಯಾಪಕರು ವಿಚಾರಣೆ ನಡೆಸಿ ನನ್ನನ್ನು ಒಂದು ವರ್ಷ ಹೊರಗಿಟ್ಟಿದ್ದರು. ನಾನು ನಕಲು ಮಾಡಿರಲಿಲ್ಲ. ಮೂವರಲ್ಲೊಬ್ಬರು ನಮ್ಮ ಇತಿಹಾಸದ ಮೇಷ್ಟ್ರು. ನ್ಯಾಯ ಹೇಳುತ್ತಿದ್ದ ಪ್ರಾಚೀನ ಯಹೂದಿ ಧರ್ಮಗುರುಗಳಾದ ರಬ್ಬಿಗಳ ನ್ಯಾಯಪದ್ಧತಿಯೆಂದರೆ ಅವರಿಗೆ ಹುಚ್ಚು.

"ಸಾರ್, ನೀವೂ ನನ್ನ ಕಳ್ಳ ಅಂದ್ರಾ?"

ಅವರು ಕನ್ನಡಕ ತೆಗೆದು ಒರೆಸುತ್ತಾ, ಪಾಠದಲ್ಲಿ ಸದಾ ಹೇಳುತ್ತಿದ್ದುದನ್ನೇ ಹೇಳಿದರು: "ತೀರ್ಪು ಕೊಟ್ಟು ಹೊರಗೆ ಬಂದ ರಬ್ಬಿ, 'ನಾನು ನಿನ್ನ ಪರ ಇದ್ದೆ, ಉಳಿದವ್ರು ಒಪ್ಲಿಲ್ಲ' ಅನ್ನೋ ಹಂಗಿಲ್ಲ ಮಾರಾಯ."

"ಹಂಗಾದ್ರೆ ನೀವೂ ಅಂದ್ರಿ."

"ಮನೆಗೆ ಹೋಗು. ಮುಂದಿನ ವರ್ಷ ಬಾ, ಪುಸ್ತಕ ನಾ ಕೊಡ್ತೀನಿ."

ಆಮೇಲೆ ಅವರನ್ನು ಕಂಡಾಗಲೆಲ್ಲ ರಸ್ತೆ ದಾಟಿ ತಪ್ಪಿಸಿಕೊಂಡೆ. ಅವರು ತೀರಿಕೊಂಡ ಮೇಲೆ, ತಡೆಯಲಾರದೆ, ಕಾಲೇಜಿನ ಹಳೆಯ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ನನ್ನ ಪರವಾಗಿ ಒಂದು ಮತವಿತ್ತು. ಅದರ ಮುಂದಿದ್ದ ಸಹಿ ಅವರದು.