ಐದನೆಯ ಚಾಪೆ

ಕಡಿದ ಎಳೆಯ ತುದಿಗೆ ಎಂಜಲು ಸವರಿ ಬೈಲಪ್ಪನವರು ಗಂಟು ಹಾಕುತ್ತಿದ್ದಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಗ್ಗದ ಸುತ್ತ ಐದು ಚಾಪೆ, ನಾಲ್ಕು ಮಕ್ಕಳು. ಎಲ್ಲರೂ ಮಿಡಲ್ ಸ್ಕೂಲಿನಲ್ಲಿ ಒಮ್ಮೆಯಾದರೂ ಫೇಲಾದವರೇ.

"ಎಳೆ ಕಡಿದ ಜಾಗದಿಂದ್ಲೇ ಹಿಡೀಬೇಕು ಕಣಪ್ಪ. ಎಲ್ಲಿ ತಪ್ತೋ ಅಲ್ಲಿಂದ ಹೇಳು" ಎಂದು ಮತ್ತೆ ಲಾಳಿ ಓಡಿಸುತ್ತಾರೆ. ಹುಡುಗ ಮಗ್ಗದ ಸದ್ದಿಗಿಂತ ಜೋರಾಗಿ ಭಿನ್ನರಾಶಿಯ ಲೆಕ್ಕ ಕೂಗುತ್ತಾನೆ.

ಬೈಲಪ್ಪನವರು ಓದಿದ್ದು ಮೂರನೆಯ ತರಗತಿ. ಹಾಗಾಗಿ ಇಲ್ಲಿ ಪಾಠ ಹೇಳುವವರು ಮಕ್ಕಳು, ಕೇಳುವವರು ಇವರು. ಇವರಿಗೆ ಅರ್ಥವಾಗುವ ತನಕ ಬಿಡುವಂತಿಲ್ಲ. ಒಂಬತ್ತು ವರ್ಷದಲ್ಲಿ ಹೀಗೆ ಮೂವತ್ತೊಂದು ಮಕ್ಕಳು ಪಾಸಾಗಿದ್ದಾರೆ. ಏಳೂವರೆಗೆ ಮಕ್ಕಳು ಎದ್ದು ಹೋದರೆ, ಮಾರನೆಯ ಬೆಳಗಿನವರೆಗೆ ಆ ಮನೆಯಲ್ಲಿ ಮಾತಾಡುವುದು ಮಗ್ಗವೊಂದೇ. ಹೆಂಡತಿ ತೀರಿಕೊಂಡು ಹತ್ತು ವರ್ಷವಾಯಿತು. ಒಬ್ಬರಿಗೆ ಎಷ್ಟು ಹಿಟ್ಟು ಎಂಬುದು ಕೈಗೆ ಇನ್ನೂ ಹತ್ತಿಲ್ಲವಂತೆ. ದಿನಾ ಎರಡು ಮುದ್ದೆಯಾಗುತ್ತದೆ ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನ ಮುಂದೆ ನಗುತ್ತಾರೆ.

ಖಾಲಿ ಚಾಪೆ ಪಕ್ಕದ ಮನೆಯ ಹನ್ನೆರಡು ವರ್ಷದ ಹುಡುಗಿ ಮುನಿತಾಯಮ್ಮನದು. ಇಲ್ಲಿ ಕೂಗಿ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುವವಳು, ಶಾಲೆಯಲ್ಲಿ ಮೇಷ್ಟ್ರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಅದು ಸೊಕ್ಕೆಂದು ಬೈಲಪ್ಪನವರು ಮಿಕ್ಕವರ ಮುಂದೆಯೇ ಬೈದರು. ಹುಡುಗಿ ಓದು ಬಿಟ್ಟು ಹೊಸಕೋಟೆಯ ಅಜ್ಜಿ ಮನೆ ಸೇರಿದಳು.

ದೀಪಾವಳಿಗೆ ಅವಳು ಬಂದಾಗ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಬೈಲಪ್ಪನವರು ಹಿಂದಿನಿಂದ ಮೆಲ್ಲಗೆ ಕರೆದರು. ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಗಲೂ ಇಲ್ಲ.

"ನಮ್ ಬೀದೀಲಿ ಎಲ್ರೂ ಕೂಗೇ ಮಾತಾಡೋದು ಕಣಕ್ಕ. ಆ ಮಗೀಗೆ ಕಿವಿ ಮಂದ ಅಂತ ಹೆತ್ತವ್ರಿಗೂ ಗೊತ್ತಾಗಿರ್ಲಿಲ್ಲ. ನಾನು ಸೊಕ್ಕು ಅಂದ್ಬಿಟ್ಟೆ."

ಅವಳ ಎದುರು ನಿಲ್ಲಲಾಗದೆ ಅಂದು ಮನೆಗೆ ಬಂದವರು, ತಪ್ಪಾಯಿತು, ವಾಪಸು ಬಾ ಎಂದು ಒಂದು ಕಾರ್ಡು ಬರೆದರು. ಎಂಟು ವಾರವಾದರೂ ಅದು ಗೋಡೆಯ ಗೂಡಿನಲ್ಲೇ ಇದೆ. ಯಾಕೆ ಹಾಕಲಿಲ್ಲ ಎಂದು ಕೇಳುತ್ತೇನೆ.

"ಬರಲ್ಲ ಅಂತ ಉತ್ರ ಬಂದ್ರೆ? ಹಾಕ್ದಿದ್ರೆ, ಬರ್ತಾಳೇನೋ ಅಂತಾದ್ರೂ ಇರುತ್ತಲ್ಲ."

ಆದರೆ ಪರೀಕ್ಷೆಗೆ ಹೆಸರು ಕೊಡಲು ಇನ್ನು ಉಳಿದಿರುವುದು ಒಂದೇ ವಾರ. ಮಕ್ಕಳು ಹೋದ ಮೇಲೆ ಬೈಲಪ್ಪನವರು ಅಂಗಿ ತೊಟ್ಟು, ಕಾರ್ಡು ತೆಗೆದು, ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸುತ್ತಾರೆ: ಮುಂದಿನ ಬೆಂಚು ನಿನಗೇ, ಹೆಡ್ ಮೇಷ್ಟ್ರನ್ನು ಕೇಳಿ ಒಪ್ಪಿಸಿದ್ದೇನೆ.

ಅಂಚೆ ಡಬ್ಬಿಗೆ ಕಾರ್ಡು ಹಾಕಿ, ಬಗ್ಗಿ ಕಿವಿಗೊಡುತ್ತಾರೆ. ಬಿದ್ದ ಸದ್ದು ಕೇಳುವುದಿಲ್ಲ. ಬೆರಳು ತೂರಿಸಿ ತಡಕಿ ನೋಡುತ್ತಾರೆ.

"ಹೋಯ್ತು ಕಣಕ್ಕ" ಎನ್ನುತ್ತಾರೆ.